ಈ ಬೆಳೆ ಮುಗೀಲಿ, ಡಾಕ್ಟ್ರಮ್ಮ

ಹಳ್ಳಿಗೆ ಡಾಕ್ಟರುಗಳು ಬರುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಹೋಗಿದ್ದೆ. ಯಾರೂ ಕರೆಯದೆ, ಯಾರೂ ಪುಸಲಾಯಿಸದೆ, ಕೌನ್ಸೆಲಿಂಗಿನಲ್ಲಿ ನನ್ನ ಸರದಿ ಬಂದಾಗ ಪರದೆಯ ಮೇಲಿದ್ದ ಖಾಲಿ ಜಾಗಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಆರಿಸಿಕೊಂಡು ಹೋಗಿದ್ದೆ. ಶಿಡ್ಲಘಟ್ಟದಲ್ಲಿ ದಿಬ್ಬೂರಹಳ್ಳಿ ಕಡೆಯ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಒಂದು ಊರು ಅದು. ಹೆಸರು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಉಳಿದ ಊರುಗಳು ತಾವು ಬಚಾವಾದೆವು ಎಂದುಕೊಳ್ಳುತ್ತವೆ.

ಆ ಊರಿನ ಆರೋಗ್ಯ ಕೇಂದ್ರದಲ್ಲಿ ಮೂರು ವರ್ಷದಿಂದ ಡಾಕ್ಟರ್ ಇರಲಿಲ್ಲ. ಬೇರೆ ಕೇಂದ್ರದವರು ಒಬ್ಬರು ವಾರಕ್ಕೆರಡು ದಿನ ಬಂದು, ಬಾಕಿ ಉಳಿದ ಕಾಗದಗಳಿಗೆ ಸಹಿ ಹಾಕಿ, ನಾಲ್ಕು ಜನರ ನಾಡಿ ಹಿಡಿದು ಹೋಗುತ್ತಿದ್ದರು. ಊರಿನವರೇನೂ ಸುಮ್ಮನೆ ಕೂತಿರಲಿಲ್ಲ. ಪಂಚಾಯಿತಿ ಸದಸ್ಯರಾಗಿದ್ದ ಯಜಮಾನರೊಬ್ಬರು ಚಿಕ್ಕಬಳ್ಳಾಪುರದ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದಿದ್ದರು. ಅವರದು ತಲೆಮಾರುಗಳಿಂದ ಅಲ್ಲೇ ನೆಲೆನಿಂತ ಮನೆತನ, ಬೇಕಾದಷ್ಟು ರೇಷ್ಮೆ ತೋಟ, ರೇಷ್ಮೆಹುಳು ಸಾಕಲು ಊರಿಗೇ ದೊಡ್ಡ ಹುಳುಮನೆ. ಅವರ ತಾಯಿ ಎದೆನೋವೆಂದು ಶಿಡ್ಲಘಟ್ಟಕ್ಕೆ ಹೋಗುತ್ತಾ ದಾರಿಯಲ್ಲೇ ತೀರಿಕೊಂಡಿದ್ದರು. ಅದಾದ ಮೇಲೆ ಅವರು ಅರ್ಜಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ನಾನು ಹೋದ ಮೊದಲ ದಿನವೇ ಒಂದು ಎಳನೀರು ಕೊಟ್ಟು, ಅರ್ಜಿಯ ನಕಲನ್ನು ನನ್ನ ಮುಂದೆ ಹರವಿದರು. ‘ಊರಿನಲ್ಲೇ ವಾಸವಿರುವ ವೈದ್ಯರನ್ನು ಒದಗಿಸಬೇಕಾಗಿ ವಿನಂತಿ’ ಎಂದಿತ್ತು. ವಾಸವಿರುವ ಎಂಬ ಮಾತಿನ ಕೆಳಗೆ ಎರಡು ಗೆರೆ.

“ಬಸ್ಸಲ್ಲಿ ಬಂದು ಬಸ್ಸಲ್ಲಿ ಹೋಗೋ ಡಾಕ್ಟ್ರು ನಮಗೆ ಬೇಡ ಡಾಕ್ಟ್ರಮ್ಮ. ನೀವು ಇಲ್ಲೇ ಇರ್ಬೇಕು.”

“ಇರೋಕೇ ಬಂದಿದೀನಿ ಸರ್. ಒಂದು ಮನೆ ತೋರ್ಸಿ,” ಎಂದೆ.

“ಮನೆಗೇನಮ್ಮ ಬರ? ನಂದೇ ಒಂದಿದೆ. ಮೊನ್ನೆ ತಾನೇ ಸುಣ್ಣ ಹೊಡ್ಸಿದೀನಿ,” ಎಂದು ಆಗಲೇ ಕರೆದುಕೊಂಡು ಹೋದರು. ಚೆನ್ನಾದ ಮನೆ. ಎರಡು ಕೋಣೆ, ಹಿತ್ತಿಲಲ್ಲಿ ನಲ್ಲಿ, ಆರೋಗ್ಯ ಕೇಂದ್ರಕ್ಕೆ ಐದು ನಿಮಿಷದ ನಡಿಗೆ. ಮಂಚ ಎಲ್ಲಿ ಹಾಕುವುದೆಂದು ನಾನು ಮನಸ್ಸಿನಲ್ಲೇ ಗುರುತು ಮಾಡುತ್ತಿದ್ದಾಗ ಅವರ ಹೆಂಡತಿ ಕಾಫಿ ಹಿಡಿದು ಬಂದರು. ನಗುನಗುತ್ತಾ ಕೇಳಿದರು.

“ಮನೆದೇವ್ರು ಯಾವ್ದಮ್ಮ ನಿಮ್ದು?”

ನಮ್ಮ ಕಡೆ ಮರ್ಯಾದಸ್ಥರು ಜಾತಿ ಕೇಳುವುದಿಲ್ಲ. ಅದು ಒರಟುತನ. ಮನೆದೇವರು ಕೇಳುತ್ತಾರೆ. ಆಮೇಲೆ ನಿಮ್ಮ ಊರಲ್ಲಿ ಮನೆ ಯಾವ ಬೀದಿ ಎನ್ನುತ್ತಾರೆ, ಇಂಥವರು ನಿಮಗೆ ಏನಾಗಬೇಕು ಎನ್ನುತ್ತಾರೆ. ಮೂರನೇ ಪ್ರಶ್ನೆಯ ಹೊತ್ತಿಗೆ ಎಲ್ಲ ತಿಳಿದಿರುತ್ತದೆ, ಯಾರೂ ಏನೂ ಕೇಳಿದಂತಿರುವುದಿಲ್ಲ. ತಿರುಪತಿ ಎಂದಿದ್ದರೆ ಅವತ್ತಿಗೆ ಪಾರಾಗುತ್ತಿದ್ದೆ, ಅರ್ಧ ಜಿಲ್ಲೆಗೆ ಅದೇ ಮನೆದೇವರು. ಆದರೆ ಸುಳ್ಳು ಹೇಳಿ ಮಲಗುವ ಮನೆಯಲ್ಲಿ ನಿದ್ದೆ ಎಲ್ಲಿಂದ ಬರಬೇಕು? ನಮ್ಮ ಮನೆಯ ಗೂಡಿನಲ್ಲಿದ್ದ ದೇವರುಗಳೆಲ್ಲ ನನ್ನ ಅಮ್ಮನ ಕಾಲಕ್ಕೆ ಹೋಗಿ ಬುದ್ಧ ಬಂದಿದ್ದ.

“ನಮ್ಮನೇಲಿ ಬುದ್ಧನ್ನ ಇಟ್ಕೊಂಡಿದೀವಿ ಅಮ್ಮ,” ಎಂದೆ.

ಅವರ ನಗು ಹಾಗೇ ಇತ್ತು. ಯಜಮಾನರ ಕೈಯಲ್ಲಿದ್ದ ಬೀಗದ ಕೈ ಮಾತ್ರ ಜೇಬಿಗೆ ಹೋಯಿತು. “ಒಂದೆರಡ್ ದಿನ ತಡೀರಿ ಡಾಕ್ಟ್ರಮ್ಮ. ಪಕ್ಕದಲ್ಲೇ ಹುಳುಮನೆ ನೋಡಿ. ಹುಳು ಮೇಯೋ ಟೈಮು. ಹೊಸಬ್ರು ಓಡಾಡಿದ್ರೆ ಆಗ್ಬರಲ್ಲ.”

ಹುಳುಮನೆಗೆ ಕಟ್ಟುಪಾಡು ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಸೆಂಟು, ಬೀಡಿ ಹೊಗೆ, ಸೊಳ್ಳೆಬತ್ತಿ ಯಾವುದೂ ರೇಷ್ಮೆ ಹುಳುವಿಗೆ ಆಗದು. ಆಪರೇಷನ್ ಥಿಯೇಟರಿನಲ್ಲಿ ನಿಂತು ಕಲಿತವಳಿಗೆ ಈ ನಿಯಮಗಳು ಅರ್ಥವಾಗುತ್ತವೆ. ಹಾಗಾಗಿ ಎರಡು ದಿನ ತಡೆದೆ. ಆ ವಾರವೇ ಆ ಮನೆಗೆ ಬ್ಯಾಂಕಿನ ಹೊಸ ಮ್ಯಾನೇಜರ್ ಬಾಡಿಗೆಗೆ ಬಂದರು. ಅವರು ಬೀದಿಯ ಆ ತುದಿಯಲ್ಲಿ ತಿರುಗಿದರೆ ಈ ತುದಿಗೆ ಸೆಂಟಿನ ವಾಸನೆ ಬರುತ್ತಿತ್ತು. ಹುಳುಗಳಿಗೆ ಏನೂ ಆಗಲಿಲ್ಲ.

ಇನ್ನೂ ಐದು ಮನೆ ಕೇಳಿದೆ. ಒಬ್ಬರಿಗೆ ಅಣ್ಣನ ಮಗ ಬರುವವನಿದ್ದ, ಇನ್ನೊಬ್ಬರಿಗೆ ವಾಸ್ತು ಸರಿಯಿರಲಿಲ್ಲ. ಒಬ್ಬ ಅಜ್ಜಿ ಮಾತ್ರ ನೇರವಾಗಿ, “ನಂಗೇನಿಲ್ಲ ಕಣಮ್ಮ, ಅಕ್ಕಪಕ್ಕದವ್ರು ನೀರಿಗೆ ಬರೋದ್ ಬಿಟ್ಬಿಡ್ತಾರೆ,” ಎಂದಳು. ಅವಳ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಕೇರಿಯಲ್ಲಿ ಕೇಳಿದ್ದರೆ ಖಂಡಿತ ಕೊಡುತ್ತಿದ್ದರು. ಆದರೆ ಅಲ್ಲಿ ಒಂದೊಂದು ಕೋಣೆಯಲ್ಲಿ ಐದಾರು ಜನ ಇದ್ದರು. ನನಗಾಗಿ ಯಾರನ್ನು ಹೊರಗೆ ಮಲಗಿಸಲಿ? ಕೊನೆಗೆ ಚಿಂತಾಮಣಿಯ ನಮ್ಮ ಮನೆಯಿಂದಲೇ ದಿನವೂ ಎರಡು ಬಸ್ಸು ಬದಲಾಯಿಸಿ ಬಂದುಹೋಗುವುದೆಂದಾಯಿತು.

ನನ್ನ ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಸರ್ವಿಸಿನ ಬಹುಪಾಲು ಚಿಂತಾಮಣಿ–ಮುರುಗಮಲ್ಲ ರೂಟಿನಲ್ಲೇ ಕಳೆದರು. ದರ್ಗಾಕ್ಕೆ ಹೋಗುವ ಜನಜಂಗುಳಿಯಲ್ಲಿ ಯಾವ ಮಗುವನ್ನೂ ಕೆಳಗೆ ಬಿಟ್ಟು ಬರಲಿಲ್ಲ ಎಂಬುದು ಅವರ ಹೆಮ್ಮೆ. ನಾನು ಬಸ್ಸಿನಲ್ಲಿ ಓಡಾಡುವುದು ಅವರಿಗೆ ನುಂಗಲಾರದ ತುತ್ತಾಯಿತು.

“ಸಾಕಾಯ್ತಮ್ಮ. ನಾನು ಮೂವತ್ತು ವರ್ಷ ಊರಿನವರನ್ನೆಲ್ಲ ಬಸ್ಸಿಗೆ ಹತ್ತಿಸ್ದೆ. ಒಬ್ರೂ ನಮ್ಮನೆ ಮುಂದೆ ಇಳೀಲಿಲ್ಲ. ಆ ಜನ ನಿನ್ನ ಕೈಯಲ್ಲಿ ಸೂಜಿ ಚುಚ್ಚಿಸ್ಕೋತಾರೆ, ಮನೆ ಕೊಡಲ್ಲ. ಗೌರಿಬಿದನೂರಲ್ಲಿ ನಿನ್ನ ಫ್ರೆಂಡು ಕರೀತಾನೇ ಇದಾಳಲ್ಲ, ಹೋಗು.”

ಓದುವಾಗ ನನ್ನ ಜೊತೆ ಇದ್ದವಳು ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದಳು. ತಂಪಾದ ಕೋಣೆ, ಮನೆ ಬಾಗಿಲಿಗೆ ಗಾಡಿ. ಅಲ್ಲಿ ಇನ್ನೊಂದು ಜಾಗ ಖಾಲಿ ಇತ್ತು. ನನಗೆ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಅರ್ಜಿಯನ್ನೂ ಬರೆದಿದ್ದೆ. ಬರೆದ ಮೇಲೆ, ನಾನು ಹೋದರೆ ಆ ಊರಿನವರು ಏನೆನ್ನುತ್ತಾರೆ ಎಂದು ಯೋಚಿಸಿದೆ. ‘ನೋಡಿದ್ರಾ, ಈ ಡಾಕ್ಟರೂ ಓಡ್ಹೋದ್ಲು’ ಎನ್ನುತ್ತಾರೆ. ಓಡಿಸಿದ್ದು ಯಾರು ಎಂಬ ಮಾತೇ ಬರುವುದಿಲ್ಲ. ಅರ್ಜಿಯನ್ನು ಹರಿದು ಒಲೆಗೆ ಹಾಕಿದೆ. ಅಪ್ಪನಿಗೆ, “ಇಳಿಸಿದ ಕಡೆ ಇಳಿಯೋಕೆ ನಾನು ಪ್ಯಾಸೆಂಜರ್ ಅಲ್ಲಪ್ಪ,” ಎಂದೆ. ಅವರು ಎರಡು ದಿನ ಮಾತು ಬಿಟ್ಟರು.

ಅದೇ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಒಂದು ಕಾರ್ಯಾಗಾರವಾಯಿತು. ಗ್ರಾಮೀಣ ಭಾಗಕ್ಕೆ ವೈದ್ಯರನ್ನು ಆಕರ್ಷಿಸುವುದು ಹೇಗೆ ಎಂಬುದು ವಿಷಯ. ದೊಡ್ಡ ಊರಿನಿಂದ ಬಂದ ಅಧಿಕಾರಿಗಳು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಹೆಚ್ಚಿನ ಭತ್ಯೆ ಕೊಡಬೇಕು, ಮುಂದಿನ ಓದಿಗೆ ಸೀಟಿನಲ್ಲಿ ರಿಯಾಯಿತಿ ಕೊಡಬೇಕು, ಮಕ್ಕಳಿಗೆ ಶಾಲೆ ಬೇಕು ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಯಾವುದೂ ತಪ್ಪಲ್ಲ. ಮೈಕು ನನ್ನ ಕೈಗೆ ಬಂದಾಗ ಎದ್ದು ನಿಂತೆ.

“ನನ್ನನ್ನ ಯಾರೂ ಆಕರ್ಷಿಸೋದು ಬೇಡ ಸರ್. ನಾನಾಗೇ ಬಂದಿದೀನಿ. ಇರೋಕೆ ಬಿಟ್ರೆ ಸಾಕು. ಆರು ಮನೆ ಕೇಳಿದೆ, ಆರೂ ಮನೆಯವರು ನನ್ನ ಮನೆದೇವರು ಕೇಳಿ ಬಾಗಿಲು ಹಾಕಿದ್ರು.”

ಸಭೆಯಲ್ಲಿ ಯಾರೋ ಕೆಮ್ಮಿದರು. ಅಧಿಕಾರಿಗಳು ತಲೆಯಾಡಿಸಿ ‘ವಸತಿ ಸಮಸ್ಯೆ’ ಎಂದು ಬರೆದುಕೊಂಡರು. ಆಮೇಲೆ ನಮ್ಮ ಕೇಂದ್ರದ ಪಟ್ಟಿಯನ್ನು ಪರದೆಗೆ ತಂದು, “ಅಲ್ಲಮ್ಮ, ನಿಮ್ಮಲ್ಲಿ ಡಾಕ್ಟರ್ ಕ್ವಾರ್ಟರ್ಸ್ ಇದೆಯಲ್ಲ?” ಎಂದರು. ನೋಡಿದರೆ ಹೌದು, ‘ವಸತಿಗೃಹ: ಇದೆ, ವಾಸಯೋಗ್ಯ’ ಎಂದೇ ಇತ್ತು. ನಾನು ಅಲ್ಲಿ ಮೂರು ತಿಂಗಳಿಂದ ಕೆಲಸ ಮಾಡುತ್ತಿದ್ದೆ. ಅಂಥದ್ದೊಂದು ಇದೆಯೆಂದು ನನಗೆ ಒಬ್ಬರೂ ಹೇಳಿರಲಿಲ್ಲ.

ಮಾರನೇ ದಿನ ಬಂದವಳೇ ನಮ್ಮ ಸಿಸ್ಟರನ್ನು ಕೇಳಿದೆ. ಆ ಕೇಂದ್ರದಲ್ಲಿ ಹದಿನೈದು ವರ್ಷದಿಂದ ಇರುವ, ಅದೇ ಊರಿನ ಸೊಸೆಯಾದ ನರ್ಸು ಅವರು. ಕೇಂದ್ರದ ಹಿಂದೆ ಹೊಂಗೆಮರದ ಪಕ್ಕ ಒಂದು ಕಟ್ಟಡವಿತ್ತು. ಯಾರದೋ ಗೋದಾಮು ಎಂದುಕೊಂಡಿದ್ದೆ. ಸಿಸ್ಟರ್ ಅದರ ಕಡೆ ನೋಡದೆಯೇ, “ಅದೇ ಮೇಡಂ. ಯಜಮಾನ್ರ ಚಂದ್ರಂಕಿ ಇವೆ ಅದ್ರಲ್ಲಿ,” ಎಂದರು.

ಚಂದ್ರಂಕಿ ಎಂದರೆ ಆಳೆತ್ತರದ ಬಿದಿರಿನ ಚಾಪೆ. ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ ನಿಲ್ಲಿಸಿ ಹೆಣೆದಿರುತ್ತಾರೆ. ಹುಳು ಹಣ್ಣಾದಾಗ, ಅಂದರೆ ಮೇವು ಬಿಟ್ಟು ಮೈ ಹೊಳೆಯಲು ಶುರುವಾದಾಗ, ಆರಿಸಿ ಅದರ ಮೇಲೆ ಬಿಡುತ್ತಾರೆ. ಆ ಸುರುಳಿಗಳ ನಡುವೆ ಅವು ಗೂಡು ಕಟ್ಟುತ್ತವೆ. ಕೆಲಸ ಎರಡು ಮೂರು ದಿನದ್ದು, ಉಳಿದ ದಿನವೆಲ್ಲ ಚಂದ್ರಂಕಿಗಳನ್ನು ಎಲ್ಲಾದರೂ ಒರಗಿಸಿ ಇಡಬೇಕು. ಸರ್ಕಾರ ಡಾಕ್ಟರಿಗೆ ಕಟ್ಟಿಸಿದ ಮನೆ ಯಜಮಾನರ ಚಂದ್ರಂಕಿಗಳಿಗೆ ವಾಸಯೋಗ್ಯವಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು.

ನೇರವಾಗಿ ಅವರ ಮನೆಗೇ ಹೋಗಿ ಕೇಳಿದೆ. ಅವರಿಗೆ ನಾಚಿಕೆಯಾದಂತೆ ಕಾಣಲಿಲ್ಲ, ಆಶ್ಚರ್ಯವಾದಂತಿತ್ತು.

“ಆ ಜಾಗ ನಮ್ಮಪ್ಪ ಆಸ್ಪತ್ರೆಗೆ ದಾನ ಕೊಟ್ಟಿದ್ದು ಡಾಕ್ಟ್ರಮ್ಮ. ಖಾಲಿ ಬಿದ್ದಿತ್ತು, ಇಟ್ಕೊಂಡೆ. ಈಗ ಹುಳು ಮೂರನೇ ಜ್ವರದಲ್ಲಿವೆ. ಈ ಬೆಳೆ ಮುಗೀಲಿ, ಖಾಲಿ ಮಾಡಿಸ್ಕೊಡ್ತೀನಿ.”

ಜ್ವರ ಎಂದರೆ ಹುಳು ಮೇಯುವುದನ್ನು ನಿಲ್ಲಿಸಿ ಪೊರೆ ಕಳಚುವ ಹೊತ್ತು. ಸರಿ ಎಂದು ಬಂದೆ. ರೇಷ್ಮೆಯವರ ಬೆಳೆ ಎಂದರೆ ತಿಂಗಳಿಗೊಂದು. ಆ ಬೆಳೆ ಮುಗಿಯಿತು, ಗೂಡು ಮಾರುಕಟ್ಟೆಗೆ ಹೋಯಿತು. ಕೇಳಿದರೆ ಹೊಸ ಹುಳು ಬಂದಿತ್ತು. “ಈ ಬೆಳೆ ಮುಗೀಲಿ ಡಾಕ್ಟ್ರಮ್ಮ.” ಹೀಗೆ ನಾಲ್ಕು ಬೆಳೆ ಮುಗಿದವು. ಅವರು ಕೆಟ್ಟವರಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಕೇಂದ್ರದ ನೀರಿನ ಮೋಟಾರು ಕೆಟ್ಟಾಗ ತಮ್ಮ ಆಳನ್ನು ಕಳಿಸಿ ರಿಪೇರಿ ಮಾಡಿಸಿದವರು ಅವರೇ. ನನಗೆ ಕೊಟ್ಟ ಕಾಫಿಯ ಲೋಟ ಬೇರೆಯಾಗಿತ್ತು, ಅಷ್ಟೇ.

ಮೇಲಿನವರಿಗೆ ಎರಡು ಪತ್ರ ಬರೆದೆ. “ಊರಿನವರ ಜೊತೆ ಹೊಂದಿಕೊಂಡು ಹೋಗಮ್ಮ” ಎಂಬ ಫೋನು ಬಂತು. ಹೊಂದಿಕೊಂಡೆ. ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುವುದು ಆ ನಾಲ್ಕು ಬೆಳೆಗಳ ಕಾಲ ನಾನು ತೋರಿಸಿದ ಸಹನೆಯ ಬಗ್ಗೆ.

ಐದನೇ ಬೆಳೆಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕೇರಿಯ ಹೆಂಗಸೊಬ್ಬಳಿಗೆ ಯಜಮಾನರ ತೋಟದಲ್ಲಿ ಹಾವು ಕಚ್ಚಿತು. ನಾಗರಹಾವು. ಸೊಪ್ಪನ್ನು ಬಿಸಿಲೇರುವ ಮೊದಲೇ ಕೊಯ್ಯುತ್ತಾರೆ, ಆಗಿನ್ನೂ ನಸುಬೆಳಕು. ಅವಳನ್ನು ಕೇಂದ್ರಕ್ಕೆ ಎತ್ತಿ ತಂದಾಗ ಸಿಸ್ಟರ್ ನನಗೆ ಫೋನ್ ಮಾಡಿದರು. ಅವತ್ತು ಮೊದಲ ಬಸ್ಸಿಗೇ ಹೊರಟಿದ್ದ ನಾನು ಆಗಷ್ಟೇ ಶಿಡ್ಲಘಟ್ಟ ದಾಟಿದ್ದೆ.

“ಮೇಡಂ, ಕಣ್ಣುರೆಪ್ಪೆ ಬೀಳ್ತಾ ಇದೆ. ಮಾತು ತೊದಲ್ತಾ ಇದಾಳೆ.”

ಔಷಧ ನಮ್ಮ ಫ್ರಿಜ್ಜಿನಲ್ಲೇ ಇತ್ತು. ಡ್ರಿಪ್ ಹಾಕಿ ಶುರು ಮಾಡಿ, ನಾನು ಫೋನಿನಲ್ಲೇ ಇರುತ್ತೇನೆ ಎಂದೆ. ಆ ಔಷಧ ಕೆಲವರಿಗೆ ಮೈಗಾಗದು, ಡಾಕ್ಟರ್ ಎದುರಿಗಿಲ್ಲದೆ ಕೊಡಲು ಸಿಸ್ಟರಿಗೆ ಕೈ ಬರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅಷ್ಟರಲ್ಲಿ, “ಡಾಕ್ಟ್ರೇ ಇಲ್ಲ ಅಂದ್ಮೇಲೆ ಇಲ್ಲೇನ್ ಮಾಡೋದು, ಎತ್ರೋ” ಎಂದು ಯಾರೋ ಕೂಗಿದ್ದು ನನಗೂ ಕೇಳಿಸಿತು. ಆಟೋದಲ್ಲಿ ಮಲಗಿಸಿಕೊಂಡು ಶಿಡ್ಲಘಟ್ಟಕ್ಕೆ ಹೊರಟೇಬಿಟ್ಟರು. ಒಂದು ತಿರುವಿನಲ್ಲಿ ಆ ಆಟೋ ನನ್ನ ಬಸ್ಸಿನ ಪಕ್ಕದಲ್ಲೇ ಹೋಯಿತು. ನಾನು ಎದ್ದು ಕಂಡಕ್ಟರನನ್ನು ಕೂಗಿ ಬಸ್ಸು ನಿಲ್ಲಿಸುವಷ್ಟರಲ್ಲಿ ಅದು ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಶಿಡ್ಲಘಟ್ಟ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತ್ತಂತೆ.

ನಾನಿದ್ದಿದ್ದರೆ ಉಳಿಸುತ್ತಿದ್ದೆ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಔಷಧ ಹಾಕಿಸುತ್ತಿದ್ದೆ. ಉಸಿರು ನಿಂತರೆ ಬಾಯಿಗೆ ನಳಿಗೆ ಇಳಿಸಿ, ಗಾಳಿಚೀಲ ಒತ್ತುತ್ತಾ ಚಿಕ್ಕಬಳ್ಳಾಪುರದವರೆಗೂ ಉಸಿರು ಕೊಡುತ್ತಿದ್ದೆ. ನಾಗರಹಾವಿನ ವಿಷಕ್ಕೆ ಬೇಕಾದುದು ಆ ಹೊತ್ತು. ಆ ಹೊತ್ತನ್ನು ಚಂದ್ರಂಕಿಗಳು ತಿಂದಿದ್ದವು. ನಾನು ಮರ್ಯಾದೆಗೆ ಕಟ್ಟುಬಿದ್ದು ತಿನ್ನಲು ಬಿಟ್ಟಿದ್ದೆ.

ಮಾರನೇ ದಿನ ಕೇಂದ್ರದ ಮುಂದೆ ಜನ ಸೇರಿದರು. ಡಾಕ್ಟರ್ ಊರಲ್ಲಿರಬೇಕು, ಊರಲ್ಲಿರದ ಡಾಕ್ಟರ್ ಬೇಡ ಎಂದು ಕೂಗು. ಮುಂದೆ ನಿಂತಿದ್ದವರು ಯಾರು ಎಂದುಕೊಂಡಿರಿ? ಯಜಮಾನರೇ. ಅವರ ಕಣ್ಣಲ್ಲಿ ನಿಜವಾದ ನೀರಿತ್ತು, ಸತ್ತವಳು ಅವರ ತೋಟದಲ್ಲಿ ದುಡಿದವಳು. ಮೊಬೈಲು ಹಿಡಿದಿದ್ದ ಒಬ್ಬನೆದುರು, “ನಮ್ಮ ತಾಯೀನೂ ಹಿಂಗೇ ಹೋಗಿದ್ದು ಸ್ವಾಮಿ, ಈ ಡಾಕ್ಟ್ರುಗಳು ಹಳ್ಳೀಲಿ ಇರಲ್ಲ,” ಎನ್ನುತ್ತಿದ್ದರು.

ನಾನು ಮೆಟ್ಟಿಲಿಳಿದು ಅವರ ಮುಂದೆ ಹೋಗಿ ಕೈ ಚಾಚಿದೆ.

“ಬೀಗದ ಕೈ ಕೊಡಿ ಸರ್.”

“ಯಾವ ಬೀಗದ್ದಮ್ಮ?”

“ಹಿಂದುಗಡೆ ಮನೇದು. ನಂದು. ಇವತ್ತು ಸಾಯಂಕಾಲದಿಂದ್ಲೇ ಇರ್ತೀನಿ.”

ಗಲಾಟೆ ನಿಂತಿತು. ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ಈಗ ಒಬ್ಬರು ಬಾಯಿಬಿಟ್ಟು ಹೇಳಿದಂತಾಗಿತ್ತು. ಯಜಮಾನರು, “ಅದೆಲ್ಲ ಆಮೇಲೆ ಮಾತಾಡಣಮ್ಮ, ಸಾವಿನ ಮನೇಲಿ ಈ ಮಾತ್ಯಾಕೆ,” ಎಂದು ತಿರುಗಿದರು. ಜನ ಒಬ್ಬೊಬ್ಬರಾಗಿ ಕರಗಿದರು.

ನಾಲ್ಕನೇ ದಿನ ಮೊದಲ ಬಸ್ಸಿಗೇ ಬಂದು, ಒಂದು ಗುಂಡುಕಲ್ಲು ತೆಗೆದುಕೊಂಡು ಬೀಗ ಒಡೆದೆ. ಸಿಸ್ಟರ್ ದೂರ ನಿಂತು, “ಮೇಡಂ, ನಾನಿಲ್ಲೇ ಬಾಳ್ವೆ ಮಾಡ್ಬೇಕು, ಕೈ ಹಾಕಲ್ಲ, ಬೇಜಾರ್ ಮಾಡ್ಕೋಬೇಡಿ,” ಎಂದರು. ಆಮೇಲೆ ಅವರೇ ಒಂದು ಪೊರಕೆಯನ್ನೂ ಒಂದು ಚೊಂಬು ನೀರನ್ನೂ ತಂದು ಬಾಗಿಲಲ್ಲಿಟ್ಟು ಹೋದರು. ಒಳಗೆ ಮುಗ್ಗಲು ವಾಸನೆ, ಇಲಿಯ ಹಿಕ್ಕೆ. ಅಡುಗೆಮನೆಯ ಕಟ್ಟೆಯವರೆಗೂ ಚಂದ್ರಂಕಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಒಂದೊಂದೇ ಎತ್ತಿ ಹೊಂಗೆಮರದ ನೆರಳಿಗೆ ಸಾಗಿಸತೊಡಗಿದೆ. ಭಾರವಿಲ್ಲ, ಆದರೆ ಬಾಗಿಲಲ್ಲಿ ತೂರುವುದಿಲ್ಲ. ಓರೆ ಮಾಡಿ, ಬಗ್ಗಿಸಿ, ಸೀರೆ ಸಿಕ್ಕಿಹಾಕಿಕೊಂಡು, ಬಿದಿರ ಸಿಬರು ಅಂಗೈಗೆ ಚುಚ್ಚಿಕೊಂಡು ಹೊರುತ್ತಿದ್ದೆ. ಒಳಗೆ ಒಂದು ಹತ್ತು ಉಳಿದಿದ್ದಾಗ ಯಜಮಾನರು ಬಂದರು. ಹಿಂದೆ ಕೇರಿಯ ನಾಲ್ಕು ಹೆಂಗಸರು.

ಬೀಗ ಒಡೆದ ಸುದ್ದಿ ಕೇಳಿ ಅವರು ಬಂದದ್ದಲ್ಲ. ಅವತ್ತು ಬೆಳಿಗ್ಗೆ ಅವರ ಹುಳು ಹಣ್ಣಾಗಿತ್ತು. ಚಂದ್ರಂಕಿ ಒಯ್ಯಲು ಬಂದಿದ್ದರು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವತ್ತೇ ಒಡೆಯುತ್ತಿದ್ದೆ.

ಅವರು ಮರದ ನೆರಳಲ್ಲಿ ಸಾಲಾಗಿ ನಿಂತ ಚಂದ್ರಂಕಿಗಳನ್ನು ನೋಡಿದರು. ನನ್ನ ಕೈಗಳನ್ನು ನೋಡಿದರು.

“ಯಾರು ಮುಟ್ಟಿದ್ದು ಇವನ್ನ?”

“ನಾನೇ.”

“ಒಂದ್ ಮಾತು ಹೇಳಿದ್ರೆ ನಾವೇ ತೆಗೀತಿದ್ವಲ್ಲಮ್ಮ. ಹುಳು ಬಿಡೋ ಸಾಮಾನು. ಮಡಿ ಅಂತ ಒಂದಿರುತ್ತೆ.”

“ನಾಲ್ಕು ಬೆಳೆ ಹೇಳಿದೆ ಸರ್. ಹೋದ ಬೆಳೇಲಿ ಇವನ್ನ ತೊಳೆದು, ಸುಟ್ಟು, ಒಣಗಿಸಿದ್ದು ಯಾರು?”

 ಉತ್ತರ ಅವರ ಬೆನ್ನ ಹಿಂದೆಯೇ ನಿಂತಿತ್ತು. ಪ್ರತಿ ಬೆಳೆಗೂ ಚಂದ್ರಂಕಿ ತೊಳೆದು, ಅಂಟಿದ ನೂಲನ್ನು ಬೆಂಕಿಯಲ್ಲಿ ಸುಟ್ಟು, ಹುಳು ಹಣ್ಣಾದ ದಿನ ಓಡೋಡಿ ಆರಿಸುತ್ತಿದ್ದವರು ಆ ಹೆಂಗಸರೇ. ಅವತ್ತು ಮಾತ್ರ ಯಾವ ಮಡಿಯೂ ಅಡ್ಡ ಬರುವುದಿಲ್ಲ. ಕೈ ಬೇಕು. ಆ ಕೈಯಿರುವವಳು ಪಕ್ಕದ ಮನೆಯಲ್ಲಿ ಒಲೆ ಹಚ್ಚಬಾರದು, ಅಷ್ಟೇ. ಇದನ್ನೆಲ್ಲ ನಾನು ಅವರ ಮುಖಕ್ಕೇ ಹೇಳಿದೆ. ಡಾಕ್ಟರ್ ಹಾಗೆ ಮಾತಾಡಬಾರದು ಎಂದು ಆಮೇಲೆ ಬಹಳ ಜನ ಹೇಳಿದರು. ನನಗ್ಯಾವ ಪಶ್ಚಾತ್ತಾಪವೂ ಇಲ್ಲ.

“ಈ ಮನೆ ಬಿಡಲ್ಲ ನಾನು. ಪೊಲೀಸರನ್ನ ಕರೆಯೋದಾದ್ರೆ ಕರೀರಿ. ಈ ಚಂದ್ರಂಕಿ ನಿಮ್ಮವು, ತಗೊಂಡ್ ಹೋಗಿ. ನಾನು ಮುಟ್ಟಿದ್ದು ಬೇಡ ಅಂದ್ರೆ ಬಿಟ್ಟು ಹೋಗಿ, ನನಗೆ ಸೌದೆ ಆಗುತ್ತೆ.”

ಹಣ್ಣುಹುಳು ಕಾಯುವುದಿಲ್ಲ. ಚಂದ್ರಂಕಿ ಸಿಗದಿದ್ದರೆ ತಿಂದುಳಿದ ಸೊಪ್ಪಿನಲ್ಲೇ ನೂಲು ಬಿಟ್ಟುಕೊಂಡು ಹಾಳಾಗುತ್ತದೆ. ತಿಂಗಳ ಬೆಳೆ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಊರಿನ ಬೇರೆ ಮನೆಗಳಲ್ಲೂ ಅದೇ ವಾರ ಬೆಳೆ, ಬಾಡಿಗೆಗೆ ಕೇಳಿದರೂ ಸಿಗುವಂತಿರಲಿಲ್ಲ. ಅವರು ಅಲ್ಲಿ ನಿಂತು ಹಣೆಯ ಬೆವರು ಒರೆಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಕೊನೆಗೆ ಹೆಂಗಸರ ಕಡೆ ತಿರುಗದೆಯೇ, “ತಗೊಳ್ರಮ್ಮಾ, ಬೇಗ” ಎಂದರು.

ಆ ನಾಲ್ವರಲ್ಲಿ ಒಬ್ಬಳು ಸತ್ತವಳ ನಾದಿನಿ. ಅತ್ತಿಗೆಯ ಮಣ್ಣಾಗಿ ಮೂರು ದಿನಕ್ಕೆ ಕೂಲಿಗೆ ಬಂದಿದ್ದಳು. ಎರಡು ಚಂದ್ರಂಕಿಗಳನ್ನು ತಲೆಯ ಮೇಲೆ ಇಟ್ಟುಕೊಂಡು, ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು.

“ಇಲ್ಲೇ ಇರ್ತೀರಾ ಅಮ್ಮ, ನಿಜವಾಗ್ಲೂ?”

“ಇರ್ತೀನಿ.”

“ಮೊದ್ಲೇ ಒಡೀಬೇಕಿತ್ತು,” ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಉಳಿದ ಹತ್ತನ್ನು ಹೊರಗೆ ತಂದಿಡುವಾಗ ನಾನು ಅಳುತ್ತಿದ್ದೆ.

ಮುಂದಿನ ಭಾನುವಾರ ಅಪ್ಪ ಒಂದು ಟೆಂಪೋದಲ್ಲಿ ಮಂಚ, ಗ್ಯಾಸ್ ಒಲೆ, ಅಮ್ಮ ಒತ್ತಾಯದಿಂದ ಕಳಿಸಿದ ಬುದ್ಧನ ಪಟ ಎಲ್ಲವನ್ನೂ ತಂದರು. ಇಡೀ ಮನೆಗೆ ನಾನೇ ಸುಣ್ಣ ಹೊಡೆದೆ. ಅಪ್ಪ ಏಣಿ ಹಿಡಿದುಕೊಂಡು, “ಮೂಲೆ ಬಿಟ್ಟೆ ನೋಡು, ಮೂಲೆ” ಎಂದು ತಪ್ಪು ಹುಡುಕುತ್ತಿದ್ದರು. ಆ ಬೆಳೆಯ ಗೂಡು ಹೇಗಾಯಿತೆಂದು ಸಿಸ್ಟರನ್ನು ವಿಚಾರಿಸಿದೆ. ಎಂದಿನಂತೆ ಚೆನ್ನಾಗೇ ಆಗಿತ್ತು. ಊರಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಹಾಳಾಗಿದ್ದರೆ ಜಿಲ್ಲೆಗೆಲ್ಲ ಗೊತ್ತಾಗುತ್ತಿತ್ತು.

ಅದಾಗಿ ವರ್ಷಗಳಾದವು. ಅಲ್ಲಿಂದೀಚೆಗೆ ಹಾವು ಕಚ್ಚಿಸಿಕೊಂಡವರು ಬೆಳಗಿನ ಜಾವ ನನ್ನ ಬಾಗಿಲು ಬಡಿದಿದ್ದಾರೆ, ಬದುಕಿದ್ದಾರೆ. ಒಬ್ಬ ಮುದುಕ ಡ್ರಿಪ್ ಮುಗಿದ ಮೇಲೆ ನನ್ನ ಜಗುಲಿಯ ಮೇಲೇ ಕೂತು ಟೀ ಕುಡಿದು, ಸಕ್ಕರೆ ಸಾಲದು ಎಂದು ಗೊಣಗಿದ. ಹೆರಿಗೆಯಾಗಿವೆ. ಉಳಿಸಲಾಗದವರೂ ಇದ್ದಾರೆ. ಮೊದಮೊದಲು ಊರಿನ ಕೆಲವರು ಕೇಂದ್ರಕ್ಕೆ ಬರುತ್ತಿದ್ದರು, ಮನೆಯ ಕಡೆ ತಿರುಗುತ್ತಿರಲಿಲ್ಲ. ಈಗ ಹೆಂಗಸರು ಬರುತ್ತಾರೆ, ಒಳಗೆ ಕೂರುತ್ತಾರೆ, ಗಂಡಂದಿರ ಬಗ್ಗೆ ದೂರು ಹೇಳುತ್ತಾರೆ. ಗಂಡಸರಲ್ಲಿ ಕೆಲವರು ಇನ್ನೂ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಾರೆ. ಅವರಿಗೆ ಸುಸ್ತಾಗಿ ಕೂರುವವರೆಗೂ ಕಾಯಲು ನನಗೇನೂ ಅವಸರವಿಲ್ಲ.

ಮುಂದಿನ ಓದಿಗೆ ಯಾವಾಗ ಹೋಗುತ್ತೀರಿ ಎಂದು ಎಲ್ಲರೂ ಕೇಳುತ್ತಿದ್ದರು. ಎಲ್ಲರ ಮನಸ್ಸಿನಲ್ಲೂ ನಾನು ಇಂದಲ್ಲ ನಾಳೆ ಹೋಗುವವಳು. ಅದಕ್ಕೆ ನನ್ನ ವೋಟರ್ ಕಾರ್ಡನ್ನು ಚಿಂತಾಮಣಿಯಿಂದ ಬಿಡಿಸಿ ಈ ವಿಳಾಸಕ್ಕೆ ಮಾಡಿಸಿಕೊಂಡೆ. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಯಜಮಾನರ ಹೆಸರಿರುವ ವಾರ್ಡಿನಲ್ಲೇ ನನ್ನ ಹೆಸರೂ ಬಂತು.

ಚುನಾವಣೆ ಬಂದಾಗ ಅವರು ಮತ್ತೆ ನಿಂತರು. ಕರಪತ್ರ ಹಿಡಿದು ಮನೆಮನೆಗೆ ಬಂದರು, ನನ್ನಲ್ಲಿಗೂ ಬಂದರು. ಸಕ್ಕರೆ ಕಾಯಿಲೆಗೆ ಕೇಂದ್ರದಲ್ಲಿ ನನ್ನಿಂದಲೇ ಮಾತ್ರೆ ಬರೆಸಿಕೊಳ್ಳುತ್ತಿದ್ದವರು ಇಲ್ಲಿ ಹೊಸಿಲಾಚೆ ನಿಂತು ಕೈ ಮುಗಿದರು.

“ನಿಮ್ಮ ಆಶೀರ್ವಾದ ಇರ್ಬೇಕು ಡಾಕ್ಟ್ರಮ್ಮ.”

“ಒಳಗೆ ಬನ್ನಿ ಸರ್. ಸಕ್ಕರೆ ಹಾಕ್ದೆ ಕಾಫಿ ಕೊಡ್ತೀನಿ. ಬೀದಿ ತುಂಬಾ ಸಕ್ಕರೆ ಹಾಕಿದ್ದೇ ಕುಡ್ಕೊಂಡ್ ಬಂದಿರ್ತೀರಿ.”

ಅವರು ನಕ್ಕರು. ಜೊತೆಯಲ್ಲಿದ್ದವರೂ ನಕ್ಕರು. ಅವರ ಕಾಲು ಮಾತ್ರ ಅಲ್ಲೇ ಇತ್ತು. “ಪರವಾಗಿಲ್ಲಮ್ಮ, ಇನ್ನೂ ತುಂಬಾ ಮನೆ ಇವೆ. ಇನ್ನೊಂದ್ ಸಲ ಬರ್ತೀನಿ.”

“ಹಾಗಾದ್ರೆ ನನ್ನ ಓಟೂ ಇನ್ನೊಂದ್ ಸಲಕ್ಕೇ,” ಎಂದೆ. ಕರಪತ್ರವನ್ನು ಜಗುಲಿಯ ಮೇಲಿಟ್ಟು ಹೋದರು.

ನಾನು ಅವರಿಗೆ ಓಟು ಹಾಕಲಿಲ್ಲ. ಅವರು ಗೆದ್ದರು. ಗೆದ್ದ ಮೂರನೇ ದಿನ ಎಂದಿನಂತೆ ಸಕ್ಕರೆ ಪರೀಕ್ಷೆಗೆ ಕೇಂದ್ರಕ್ಕೆ ಬಂದು, ನನ್ನೆದುರು ಕೂತು, ತಾವಾಗಿಯೇ ಬೆರಳು ಮುಂದೆ ಮಾಡಿದರು. ಆ ಬೆರಳನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಸೂಜಿ ಚುಚ್ಚಿದ ಮೇಲೂ ಬಿಡಲಿಲ್ಲ. ಅವರು ತಲೆ ಎತ್ತಿ ನೋಡಿದರು.

“ಮುಂದಿನ ಎಲೆಕ್ಷನ್‌ಗೂ ನಾನು ಇಲ್ಲೇ ಇರ್ತೀನಿ ಸರ್,” ಎಂದೆ. “ಆಗ ಒಳಗೆ ಬಂದು ಕೇಳಿ.”